ವರ್ಗೀಕರಣದ ಪಾಠವನ್ನು ಚಾರ್ಟಿನಿಂದ ಶುರು ಮಾಡಬೇಡಿ

ಜೀವಿಗಳ ವರ್ಗೀಕರಣದ ಪಾಠ ನಮ್ಮ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿ ಹೇಗೆ ನಡೆಯುತ್ತದೆಂದು ನಾನು ತರಗತಿಗೆ ಹೋಗದೆಯೂ ಹೇಳಬಲ್ಲೆ. ಪೀಠಿಕೆಯಲ್ಲಿ ಎರಡು ಪ್ರಶ್ನೆ: ನಿಮ್ಮ ಸುತ್ತಮುತ್ತ ಕಾಣುವ ಪ್ರಾಣಿಗಳನ್ನು ಹೆಸರಿಸಿ, ಸಸ್ಯಗಳನ್ನು ಹೆಸರಿಸಿ. ಮಕ್ಕಳು ದನ, ನಾಯಿ, ತೆಂಗು, ಕಂಗು, ರಬ್ಬರು ಎನ್ನುತ್ತಾರೆ. ‘ಇಷ್ಟೊಂದು ಜೀವಿಗಳನ್ನು ಅಭ್ಯಾಸ ಮಾಡುವುದು ಹೇಗೆ?’ ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಬರುವ ಮೊದಲೇ ಪಾಠದ ಶೀರ್ಷಿಕೆ ಕಪ್ಪು ಹಲಗೆಯ ಮೇಲಿರುತ್ತದೆ. ಮತ್ತೆ ಚಾರ್ಟು ಬಿಚ್ಚಿಕೊಳ್ಳುತ್ತದೆ. ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ಒಂದೊಂದಕ್ಕೂ ಮೂರು ಲಕ್ಷಣ, ಎರಡು ಉದಾಹರಣೆ. ಉದಾಹರಣೆಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಕಂಡಿರದ, ಕಾಣಲಾರದ ಜೀವಿಗಳು. ಅವರೇ ಹೇಳಿದ ತೆಂಗು, ಕಂಗು ಆ 40 ನಿಮಿಷದಲ್ಲಿ ಮತ್ತೆ ಕೇಳಿಸುವುದಿಲ್ಲ.

ಬೋಧನಾಭ್ಯಾಸದ ವೀಕ್ಷಣೆಗೆ ವೇಣೂರು ಸುತ್ತಲಿನ ಪ್ರೌಢಶಾಲೆಗಳ ಕೊನೆಯ ಬೆಂಚಿನಲ್ಲಿ ಕುಳಿತು ಈ ಪಾಠವನ್ನು ಹಲವು ಸಲ ಕೇಳಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಐದು ಸಾಮ್ರಾಜ್ಯಗಳ ಚಾರ್ಟು ಈ ಘಟಕದ ಮೊದಲ ಅವಧಿಯಲ್ಲಿ ಬರಲೇಬಾರದು. ಬರುವುದಿದ್ದರೆ ಕೊನೆಗೆ ಬರಲಿ. ಯಾಕೆಂದರೆ ವರ್ಗೀಕರಣ ಎಂದರೆ ಬಾಯಿಪಾಠದ ಪಟ್ಟಿ ಎಂಬ ಭಾವನೆ ಮೊದಲ ದಿನ ಹುಟ್ಟಿಬಿಟ್ಟರೆ ಅದನ್ನು ಕೀಳುವುದು ಕಷ್ಟ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ 9ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವಿವೈವಿಧ್ಯದ ಅಧ್ಯಾಯವನ್ನೇ ತೆಗೆಯಿತು. ಅದಕ್ಕೆ ಬೇಸರಪಟ್ಟವರಲ್ಲಿ ನಾನೂ ಒಬ್ಬ. ಆದರೆ ಹೊರೆ ಎಂದ ಕೂಡಲೇ ಈ ಅಧ್ಯಾಯವೇ ಯಾಕೆ ಕಣ್ಣಿಗೆ ಬೀಳುತ್ತದೆ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. ನಾವು ಕಲಿಸಿದ ರೀತಿಯಲ್ಲಿ ಅದು ಹೊರೆಯೇ ಆಗಿತ್ತು.

ನಮ್ಮ ಊರಿನಲ್ಲಿ ಒಂದು ಮರವನ್ನು ಸರಿಯಾಗಿ ಗುರುತಿಸುವುದು ಜೀವ ಉಳಿಸುವ ಪ್ರಶ್ನೆಯಾಗುವ ದಿನ ವರ್ಷಕ್ಕೊಮ್ಮೆ ಬರುತ್ತದೆ. ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಪಾಲೆ ಮರದ ಬುಡಕ್ಕೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಕೆತ್ತೆ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಅರೆದು ಸೇರಿಸಿ, ಕಾಯಿಸಿದ ಬೆಣಚು ಕಲ್ಲು ಅದ್ದಿ ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯುವುದು ತುಳುನಾಡಿನ ಮನೆಮನೆಯ ಕ್ರಮ. ಮೇಲಿಂದ ಮೆಂತೆ ಗಂಜಿ. ಮಳೆ, ಕತ್ತಲೆ, ಗಡಿಬಿಡಿ. ಪಾಲೆ ಇರುವಂಥ ಗುಡ್ಡೆಯಲ್ಲೇ ಕಾಸರಕವೂ ಬೆಳೆಯುತ್ತದೆ. ಅದರ ಬೀಜ, ತೊಗಟೆಗಳಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರುಸಿನ್ ಎಂಬ ಘೋರ ವಿಷ. ಆಟಿ ಬಂತೆಂದರೆ ತಿಳಿದ ಹಿರಿಯರು ‘ಮರ ಗೊತ್ತಿದ್ದವರನ್ನೇ ಕಳುಹಿಸಿ’ ಎನ್ನುವುದು ಇದಕ್ಕೇ. ಕೆಲವರು ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ನೋಡಿಟ್ಟು ಬರುತ್ತಾರೆ.

ಮರ ಗೊತ್ತಿರುವುದು ಎಂದರೇನು? ಇಲ್ಲೇ ವರ್ಗೀಕರಣದ ಪಾಠ ಇದೆ. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಛತ್ರಿಯಂತೆ ಕೂಡಿರುತ್ತವೆ. ಏಳೆಲೆ ಹಾಲೆ, ಸಪ್ತಪರ್ಣಿ ಎಂಬ ಹೆಸರು ಬಂದದ್ದು ಹಾಗೆ. (ಎಣಿಸಿ ನೋಡಲು ಮಕ್ಕಳಿಗೆ ಹೇಳಿ. ನಾಲ್ಕೂ ಇರುತ್ತದೆ, ಎಂಟೂ ಇರುತ್ತದೆ. ಹೆಸರಿನಲ್ಲಿ ಏಳು ಇದೆಯೆಂದು ಮರ ಒಪ್ಪಿಕೊಳ್ಳುವುದಿಲ್ಲ ಎಂಬುದೂ ಒಂದು ಪಾಠವೇ.) ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ, ದಾಲ್ಚಿನ್ನಿ ಎಲೆಯಲ್ಲಿ ಕಾಣುವಂತೆ ಬುಡದ ಕಡೆಯಿಂದಲೇ ಮೂರೋ ಐದೋ ನರ ಮೇಲೇರುತ್ತವೆ. ಪಾಲೆ ಎಲೆ ಮುರಿದರೆ ಹಾಲು ಬರುತ್ತದೆ, ಕಾಸರಕದಲ್ಲಿ ಬರುವುದಿಲ್ಲ. ಪಾಲೆಯ ಕಾಯಿ ನೂಲಿನಂತೆ ಉದ್ದಕ್ಕೆ ಜೋಡಿಯಾಗಿ ತೂಗುತ್ತದೆ. ಕಾಸರಕದ್ದು ದುಂಡು, ಹಣ್ಣಾದಾಗ ಕಿತ್ತಳೆ ಬಣ್ಣ. ಎಲೆಯ ಜೋಡಣೆ, ನರ, ಹಾಲು, ಕಾಯಿ: ಸಸ್ಯವಿಜ್ಞಾನಿ ಒಂದು ಗಿಡವನ್ನು ಕುಟುಂಬಕ್ಕೆ ಸೇರಿಸುವಾಗ ನೋಡುವುದೂ ಇಂಥವನ್ನೇ. ಕೆತ್ತೆ ತರಲು ಹೋಗುವ ಅಜ್ಜನಿಗೆ ಗೊತ್ತಿರುವುದನ್ನು ನಾವು ತರಗತಿಯಲ್ಲಿ ‘ವರ್ಗೀಕರಣದ ಆಧಾರಗಳು’ ಎಂದು ಬರೆಸಿ ಕಂಠಪಾಠ ಮಾಡಿಸುತ್ತೇವೆ. ಅಜ್ಜನ ಹೆಸರನ್ನೂ ಹೇಳುವುದಿಲ್ಲ, ಮರದ ಹೆಸರನ್ನೂ ಹೇಳುವುದಿಲ್ಲ.

ಈ ಮರದ ವೈಜ್ಞಾನಿಕ ಹೆಸರು ಆಲ್‌ಸ್ಟೋನಿಯಾ ಸ್ಕಾಲರಿಸ್. ಶಿಕ್ಷಕರಾಗುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ. ಇದರ ಹಗುರ ಮರದಿಂದ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದರು, ಅದಕ್ಕೇ ‘ಸ್ಕಾಲರಿಸ್’. 1767ರಲ್ಲಿ ಲಿನೇಯಸ್ ಇದನ್ನು ಎಕೈಟಿಸ್ ಸ್ಕಾಲರಿಸ್ ಎಂದು ಕರೆದ. 1811ರಲ್ಲಿ ರಾಬರ್ಟ್ ಬ್ರೌನ್ ಬೇರೆ ಕುಲ ಮಾಡಿ, ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಆಲ್‌ಸ್ಟನ್‌ನ ಹೆಸರಿಟ್ಟ. ತಮಾಷೆಯೆಂದರೆ ಈ ಆಲ್‌ಸ್ಟನ್ ಲಿನೇಯಸನ ವರ್ಗೀಕರಣ ಪದ್ಧತಿಯನ್ನು ಗಟ್ಟಿಯಾಗಿ ವಿರೋಧಿಸಿದವನು. ಇಬ್ಬರ ಜಗಳವೂ ಮುಗಿದು ಈಗ ಒಂದೇ ಹೆಸರಿನಲ್ಲಿ ಇಬ್ಬರೂ ಇದ್ದಾರೆ. ಲಿನೇಯಸ್‌ಗಿಂತ ಮೊದಲು, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೊರ್ಟಸ್ ಮಲಬಾರಿಕಸ್’ನಲ್ಲಿ ಈ ಮರ ‘ಪಾಲ’ ಎಂಬ ಊರ ಹೆಸರಿನಲ್ಲೇ ಇದೆ. ಡಚ್ಚರ ವಾನ್ ರೀಡ್ ಆ ಗ್ರಂಥ ಮಾಡಿಸಿದ್ದು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಇವರ ತಿಳಿವಳಿಕೆಯಿಂದ. ಲಿನೇಯಸ್ ನಮ್ಮ ಕರಾವಳಿಯ ಗಿಡಗಳನ್ನು ತಿಳಿದದ್ದು ಬಹುಪಾಲು ಆ ಪುಸ್ತಕದ ಮೂಲಕ. ಹಾಗಿರುವಾಗ ಒಬ್ಬ ಹುಡುಗ ‘ಪೆಜಕಾಯಿ’ ಎಂದರೆ ‘ಕನ್ನಡದಲ್ಲಿ ಹೇಳು’ ಎಂದು ಕೂರಿಸುವುದು ಯಾವ ವಿಜ್ಞಾನ?

ಪೆಜಕಾಯಿಯಿಂದಲೇ ಪಾಠ ಆರಂಭವಾಗಲಿ ಎನ್ನುತ್ತೇನೆ ನಾನು. ಹೇಗೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ‘ಪರಿಸರದಿಂದ ಕಲಿಸಿ’ ಎಂದು ಹೇಳಿ ಸುಮ್ಮನಾಗುವ ಲೇಖನಗಳಿಂದ ಯಾರ ಪಾಠ ಯೋಜನೆಯೂ ಬದಲಾದದ್ದಿಲ್ಲ.

ಮೇಜಿನ ಮೇಲೆ ಐದು ರೆಂಬೆಗಳಿರಲಿ: ಹಲಸು, ಹೆಬ್ಬಲಸು (ಅದೇ ಪೆಜಕಾಯಿಯ ಮರ), ಜೀಗುಜ್ಜೆ, ರಬ್ಬರು, ಪಾಲೆ. ವೇಣೂರು ಸುತ್ತಮುತ್ತ ಹುಡುಕಿದರೆ ಸಿಗದ್ದು ಇದರಲ್ಲಿ ಯಾವುದೂ ಇಲ್ಲ. ಗುಂಪು ಮಾಡಿ ಎಂದಷ್ಟೇ ಹೇಳಿ, ಆಧಾರ ಹೇಳಬೇಡಿ. ಹೆಚ್ಚಿನ ಮಕ್ಕಳು ಮೊದಲು ಹೇಳುವುದು ‘ಎಲ್ಲದರಲ್ಲಿಯೂ ಹಾಲು ಬರುತ್ತದೆ, ಎಲ್ಲ ಒಂದೇ ಗುಂಪು ಸರ್’ ಎಂದು. ಸಂತೋಷ. ಅದನ್ನು ಹಲಗೆಯ ಮೇಲೆ ಬರೆಯಿರಿ. ಇನ್ನು ಕಾಯಿಯನ್ನು ನೆನಪಿಸಿ. ಹಲಸು, ಹೆಬ್ಬಲಸು, ಜೀಗುಜ್ಜೆಗಳಲ್ಲಿ ನೂರಾರು ಹೂಗಳು ಕೂಡಿ ಒಂದೇ ಕಾಯಿಯಾಗಿವೆ. ರಬ್ಬರಿನ ಕಾಯಿ ಮೂರು ಕೋಣೆಯದು, ಬಿಸಿಲಿಗೆ ಪಟ್ಟನೆ ಒಡೆದು ಬೀಜ ಹಾರಿಸುತ್ತದೆ. ತೋಟದಲ್ಲಿ ಆ ಸದ್ದು ಕೇಳದ ಮಗು ನಮ್ಮ ಕಡೆ ಇಲ್ಲ. ಪಾಲೆಯದ್ದು ತೂಗುವ ನೂಲು. ಹಾಲಿನಿಂದ ಒಂದಾದ ಗುಂಪು ಕಾಯಿಯಿಂದ ಮೂರಾಯಿತು. ಮೊದಲ ಮೂರು ಒಂದೇ ಕುಲ, ಆರ್ಟೋಕಾರ್ಪಸ್. ರಬ್ಬರು ಯುಫೋರ್ಬಿಯೇಸಿ ಕುಟುಂಬದ್ದು, ಪಾಲೆ ಅಪೋಸೈನೇಸಿ ಕುಟುಂಬದ್ದು. ಒಂದೇ ಲಕ್ಷಣವನ್ನು ನಂಬಿದರೆ ಮೋಸ ಹೋಗುತ್ತೇವೆ, ಹಲವು ಲಕ್ಷಣಗಳು ಒಂದೇ ಕಡೆ ಬೆರಳು ತೋರಿಸಿದಾಗ ಸಂಬಂಧ ನಿಜವಿರಬಹುದು. ಇದನ್ನು ಮಗು ತಾನೇ ಕಂಡುಕೊಂಡರೆ ಆ ಅವಧಿಗೆ ಅಷ್ಟು ಸಾಕು. ನಮ್ಮ ಹಿರಿಯರು ಹಲಸು-ಹೆಬ್ಬಲಸು, ಗುಜ್ಜೆ-ಜೀಗುಜ್ಜೆ ಎಂದು ಹೆಸರಿಡುವಾಗಲೇ ಕುಲವನ್ನು ಗುರುತಿಸಿದ್ದರು ಎಂದು ಕೊನೆಗೆ ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಕುಲದ ಹೆಸರು ಒಂದು, ಅದಕ್ಕೊಂದು ವಿಶೇಷಣ: ದ್ವಿನಾಮ ಪದ್ಧತಿಗೆ ಇದಕ್ಕಿಂತ ಸುಲಭದ ಬಾಗಿಲು ಬೇರೆ ಬೇಕೆ?

ಎರಡು ಎಚ್ಚರಿಕೆ. ಹಾಲು ಕಣ್ಣಿಗೆ, ಬಾಯಿಗೆ ತಾಗಬಾರದು. ರೆಂಬೆಗಳನ್ನು ಶಿಕ್ಷಕರೇ ಕತ್ತರಿಸಿ ತರಬೇಕು. ಕಾಸರಕವನ್ನು ತರಗತಿಗೆ ತರಲೇಬೇಡಿ, ಮರದ ಬಳಿಗೆ ಹೋಗಿ ದೂರದಿಂದ ತೋರಿಸಿದರಾಯಿತು.

ಸಂಬಂಧ ಎಂಬ ಮಾತನ್ನು ಮುಂದಿನ ಅವಧಿಯಲ್ಲಿ ಬಿಡಿಸಬೇಕು. ವಿಜ್ಞಾನಿಗಳು ಇಂದು ಗುಂಪು ಮಾಡುವುದು ಬರಿಯ ಹೋಲಿಕೆಯಿಂದಲ್ಲ, ಸಮಾನ ಪೂರ್ವಜರಿಂದ ಬಂದ ವಂಶಾವಳಿಯಿಂದ. ತುಳುನಾಡಿನಲ್ಲಿ ‘ಬರಿ’ ಎಂದರೆ ಏನೆಂದು ಮಕ್ಕಳಿಗೆ ಗೊತ್ತು: ಒಂದೇ ಬರಿಯವರು ಎಲ್ಲೇ ಇದ್ದರೂ, ಮುಖ ಹೋಲದಿದ್ದರೂ, ಒಂದೇ ತಾಯಿಯ ಮೂಲದವರು. ಈ ಹೋಲಿಕೆ ಚೆನ್ನಾಗಿ ಹೊಂದುತ್ತದೆ. ಆದರೆ ‘ನಿನ್ನ ಬರಿ ಯಾವುದು?’ ಎಂದು ತರಗತಿಯಲ್ಲಿ ಒಬ್ಬೊಬ್ಬರನ್ನೇ ಕೇಳಲು ಹೋಗಬೇಡಿ. ಅದು ಮಕ್ಕಳ ಜಾತಿ ಕೇಳಿದ ಹಾಗೆ. ವಂಶ, ವರ್ಗ, ಗಣ, ಕುಟುಂಬ, ಜಾತಿ ಎಂಬ ನಮ್ಮ ಪಾರಿಭಾಷಿಕ ಪದಗಳೇ ಸಮಾಜದಿಂದ ಬಂದವು; ‘ಜಾತಿ’ ಎಂದಾಗ ಹಿಂದಿನ ಬೆಂಚಿನಲ್ಲಿ ನಡೆಯುವ ಗುಸುಗುಸು ವೀಕ್ಷಕರಿಗೆ ಮಾತ್ರ ಕೇಳಿಸುತ್ತದೆ. ನಾನಾದರೆ ‘ಕುಲ’ ಎಂದು ಬಳಸುತ್ತೇನೆ. ಅದೂ ಪೂರ್ತಿ ಶುದ್ಧವಲ್ಲ, ಆದರೂ ಪರವಾಗಿಲ್ಲ.

ವಂಶಾವಳಿ ತಿಳಿದರೆ ಏನು ಉಪಯೋಗ ಎಂದು ಮಗು ಕೇಳಬೇಕು, ಕೇಳದಿದ್ದರೆ ನೀವೇ ಕೇಳಿ. ಮತ್ತೆ ಪಾಲೆಗೆ ಬನ್ನಿ. ಪಾಲೆ ಮತ್ತು ಕಾಸರಕ ಬೇರೆ ಬೇರೆ ಕುಟುಂಬದವಾದರೂ ಒಂದು ಮೆಟ್ಟಿಲು ಮೇಲೆ ಹೋದರೆ ಎರಡೂ ಜೆಂಟಿಯಾನೇಲಿಸ್ ಎಂಬ ಒಂದೇ ಗಣದಲ್ಲಿವೆ. ಕ್ವಿನೈನ್ ಕೊಟ್ಟ ಸಿಂಕೋನಾ ಮರ, ಸರ್ಪಗಂಧಿ, ಕ್ಯಾನ್ಸರ್ ಮದ್ದಿನ ಮೂಲವಾದ ನಿತ್ಯಪುಷ್ಪ ಕೂಡ ಇದೇ ಗಣ. ಇವೆಲ್ಲ ಒಂದೇ ಬಗೆಯ ರಾಸಾಯನಿಕ ದಾರಿಯಿಂದ ಆಲ್ಕಲಾಯ್ಡುಗಳನ್ನು ತಯಾರಿಸುತ್ತವೆ. ಒಂದು ಮರದಲ್ಲಿ ಅದು ಮದ್ದು, ಇನ್ನೊಂದರಲ್ಲಿ ವಿಷ. ಒಂದು ಗಿಡದಲ್ಲಿ ಮದ್ದು ಸಿಕ್ಕಿದರೆ ಅದರ ನೆಂಟರಲ್ಲಿ ಹುಡುಕಬೇಕೆಂದು ವಿಜ್ಞಾನಿಗೆ ದಾರಿ ತೋರಿಸುವುದು ವರ್ಗೀಕರಣ. ನೆಂಟ ಎಂದ ಮಾತ್ರಕ್ಕೆ ಕುಡಿಯಬಾರದು ಎಂದು ಎಚ್ಚರಿಸುವುದೂ ಅದೇ. ಪಾಲೆಯ ಸ್ವಂತ ಕುಟುಂಬದಲ್ಲೇ ವಿಷದ ಕಣಗಿಲೆ ಇದೆ.

ಶಾಲೆಯ ಅಂಗಳದಲ್ಲೇ ಇನ್ನೊಂದು ಉದಾಹರಣೆ ಸಾಲಾಗಿ ನಿಂತಿರುತ್ತದೆ. ಕಂಪೌಂಡಿನ ಉದ್ದಕ್ಕೆ ಕಂಬದಂತೆ ಬೆಳೆಸಿದ ‘ಅಶೋಕ’ ಮರ ಅಶೋಕವಲ್ಲ. ಅದು ಸೀತಾಫಲದ ಕುಟುಂಬದ್ದು, ಬಹಳ ಕಾಲ ಪಾಲಿಯಾಲ್ತಿಯಾ ಲಾಂಜಿಫೋಲಿಯಾ ಎಂದಿದ್ದು 2012ರಿಂದ ಮೋನೂನ್ ಲಾಂಜಿಫೋಲಿಯಮ್. ನಿಜವಾದ ಅಶೋಕ, ಸರಾಕಾ ಅಸೋಕಾ, ಹುಣಸೆಯ ನೆಂಟ. ಕೆಂಪು-ಕಿತ್ತಳೆ ಹೂಗೊಂಚಲು ಬಿಡುವ ಸಂಯುಕ್ತ ಎಲೆಯ ಮರ. ಔಷಧಿಗಾಗಿ ತೊಗಟೆ ಸುಲಿಸಿಕೊಂಡು ಅದು ಕಾಡಿನಲ್ಲಿ ಅಪರೂಪವಾಗುತ್ತಿದೆ. ಕಾಂಡಕ್ಕೆ ಹೊಡೆದ ತಗಡಿನ ಮೇಲೆ ತಪ್ಪು ಹೆಸರು ಬರೆದಿರುವ ಶಾಲೆಗಳನ್ನು ಕಂಡಿದ್ದೇನೆ. ಪ್ರಶಿಕ್ಷಣಾರ್ಥಿಗಳು ಮಕ್ಕಳ ಜತೆ ಸೇರಿ ಆ ತಗಡನ್ನು ತಿದ್ದಿದರೆ ಅದು ಹತ್ತು ಚಾರ್ಟಿಗೆ ಸಮ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮಾಡಿ, ಅಷ್ಟೆ.

ಪ್ರಾಣಿಗಳ ಕಡೆಯಿಂದಲೂ ಹೇಳಲಿಕ್ಕೆ ಬೇಕಾದಷ್ಟಿದೆ. ಚಾರ್ಮಾಡಿ ಘಾಟಿ ಹತ್ತಿದ ಕೂಡಲೇ ಸಿಗುವ ಕೊಟ್ಟಿಗೆಹಾರ ನಮ್ಮವರಿಗೆ ನೀರುದೋಸೆಯಿಂದ ಪರಿಚಿತ. ವಿಜ್ಞಾನಕ್ಕೆ ಅದು ಒಂದು ಕಪ್ಪೆಯ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ, 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಅದಕ್ಕೆ ಕೊಟ್ಟಿಗೆಹಾರೆನ್ಸಿಸ್ ಎಂದು ಹೆಸರಿಟ್ಟರು. ಅವರು ಇಟ್ಟದ್ದು ಫಿಲಾಟಸ್ ಎಂಬ ಪೊದೆಗಪ್ಪೆಗಳ ಕುಲದಲ್ಲಿ. ಈಗ ಅದು ಮಿಕ್ರಿಕ್ಸಾಲಸ್, ಅಂದರೆ ಕುಣಿಯುವ ಕಪ್ಪೆಗಳ ಕುಲದಲ್ಲಿದೆ. ಭೋರ್ಗರೆಯುವ ತೊರೆಯ ಬದಿಯಲ್ಲಿ ಕೂಗು ಕೇಳಿಸದೆಂದು ಗಂಡು ಕಪ್ಪೆ ಹಿಂಗಾಲು ಚಾಚಿ ಪಾದ ಬೀಸುತ್ತದೆ. ರಾವ್ ಅವರು ಕೂಡಿಟ್ಟ ಮಾದರಿಗಳು ಮುಂದೆ ಕಳೆದುಹೋದವು. ಅವರು ಹೆಸರಿಟ್ಟ ಕಪ್ಪೆಗಳನ್ನು ಮತ್ತೆ ಗುರುತಿಸಬೇಕಾದವರ ಕೈಯಲ್ಲಿ ಉಳಿದದ್ದು ಅವರ ವಿವರಣೆ ಮತ್ತು ಊರಿನ ಹೆಸರು. ‘ಎಲ್ಲಿ ಸಿಕ್ಕಿತು, ಯಾವ ದಿನ’ ಎಂದು ಮಗುವಿನ ನೋಟ್ ಪುಸ್ತಕದಲ್ಲಿ ಬರೆಸಬೇಕಾದ್ದು ಯಾಕೆ ಎಂದು ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಕತೆ ಗೊತ್ತಿಲ್ಲ. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಇದೇ ಕುಲದ 14 ಹೊಸ ಪ್ರಭೇದಗಳನ್ನು ಪಶ್ಚಿಮ ಘಟ್ಟದಿಂದ ವರ್ಣಿಸಿದರು. 2018ರಲ್ಲಿ ಮಂಗಳೂರು ನಗರದಲ್ಲೇ ಒಂದು ಪುಟ್ಟ ಕಪ್ಪೆ ಹೊಸತೆಂದು ಪ್ರಕಟವಾಗಿ, ಮಂಗಳೂರಿನ ಕೊಂಕಣಿ ಹೆಸರಿನಿಂದ ಮೈಕ್ರೋಹೈಲಾ ಕೊಡಿಯಾಲ್ ಎನಿಸಿಕೊಂಡಿತು. ‘ಎಲ್ಲವನ್ನೂ ಕಂಡುಹಿಡಿದು ಮುಗಿದಿದೆ’ ಎಂಬ ಭಾವನೆ ಬರುವಂತೆ ಈ ಘಟಕವನ್ನು ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯ ಗೂನುಬೆನ್ನಿನ ಮಹಶೀರ್ ಸಾಕ್ಷಿ. ಗಾಳ ಹಾಕುವವರ ನಡುವೆ ಲೋಕಪ್ರಸಿದ್ಧವಾಗಿದ್ದ ಈ ದೊಡ್ಡ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಜಾಗವೂ ಇರಲಿಲ್ಲ. ಈ ನಡುವೆ ಮರಿಕೇಂದ್ರಗಳಲ್ಲಿ ಬೆಳೆಸಿದ ಬೇರೊಂದು ಮಹಶೀರ್, ಟಾರ್ ಖುದ್ರೀ, ಮೀನು ಉಳಿಸುವ ಹೆಸರಿನಲ್ಲೇ ಅದೇ ಹೊಳೆಗೆ ಬಿಡುಗಡೆಯಾಗುತ್ತಿತ್ತು. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು 2018ರಲ್ಲಿ ತೋರಿಸಿದ ಮೇಲೆ, ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದಗಳ ಪಟ್ಟಿಗೆ ಸೇರಿತು. ಎರಡೂ ಮಹಶೀರ್ ತಾನೇ ಎಂದುಕೊಂಡಷ್ಟು ಕಾಲ ಒಂದು ಮೀನು ಸದ್ದಿಲ್ಲದೆ ಕಡಿಮೆಯಾಗುತ್ತಿತ್ತು.

ಹಾಗಾದರೆ ಐದು ಸಾಮ್ರಾಜ್ಯಗಳು ಬೇಡವೆ? ಬೇಕು, ಒಬ್ಬ ವಿಜ್ಞಾನಿ ಒಂದು ಕಾಲದಲ್ಲಿ ಕೊಟ್ಟ ಉತ್ತರವೆಂದು. ಲಿನೇಯಸ್ 1735ರಲ್ಲಿ ಜೀವಿಗಳನ್ನು ಸಸ್ಯ, ಪ್ರಾಣಿ ಎಂದು ಎರಡು ಮಾಡಿದ. ಹೆಕೆಲ್ 1866ರಲ್ಲಿ ಪ್ರೊಟಿಸ್ಟಾ ಸೇರಿಸಿದ. ವಿಟೇಕರ್‌ನ ಐದು ಬಂದದ್ದು 1969ರಲ್ಲಿ. ಎಂಟೇ ವರ್ಷದಲ್ಲಿ ಕಾರ್ಲ್ ವೋಸ್ ಆರ್‌ಎನ್‌ಎ ಹೋಲಿಸಿ, ಮೊನೆರಾದೊಳಗೆ ಆರ್ಕಿಯಾ ಎಂಬ ಬೇರೆಯೇ ವಂಶ ಅಡಗಿದೆ ಎಂದು ತೋರಿಸಿದ. 1990ರಲ್ಲಿ ಮೂರು ಡೊಮೇನುಗಳ ಮಾತು ಬಂತು. ಪ್ರಶ್ನೆ ಬದಲಾದರೆ ವರ್ಗೀಕರಣವೂ ಬದಲಾಗುತ್ತದೆ. ತಿಮ್ಮಣ್ಣ ಅಜಿಲ 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೇಣೂರಿನ ಮಕ್ಕಳಿಗೆ ಜೈನರ ವರ್ಗೀಕರಣವೂ ಕಿವಿಗೆ ಬಿದ್ದಿರುತ್ತದೆ: ಗಿಡಮರ ಏಕೇಂದ್ರಿಯ, ಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ನೊಣ ಚತುರಿಂದ್ರಿಯ, ದನ-ಮನುಷ್ಯ ಪಂಚೇಂದ್ರಿಯ. ಅಲ್ಲಿನ ಪ್ರಶ್ನೆ ಯಾವ ಜೀವಕ್ಕೆ ಎಷ್ಟು ಅನುಭವ, ನನ್ನಿಂದ ಎಷ್ಟು ಹಿಂಸೆ ಎಂಬುದು. ವಿಜ್ಞಾನದ ಪ್ರಶ್ನೆ ಯಾರು ಯಾರಿಂದ ಬಂದರು ಎಂಬುದು. ಎರಡನ್ನೂ ಹಲಗೆಯ ಎರಡು ಬದಿಗೆ ಬರೆದು, ಪ್ರಶ್ನೆ ಏನಿತ್ತು ಎಂದು ಮಕ್ಕಳಿಂದಲೇ ಹೇಳಿಸಬಹುದು. ಒಂದನ್ನು ಇನ್ನೊಂದರ ತಪ್ಪು ರೂಪವೆಂದು ಹೇಳುವುದೂ ಬೇಡ, ಎರಡೂ ಒಂದೇ ಎಂದು ಎಳೆದು ಹೊಂದಿಸುವುದೂ ಬೇಡ.

ಸಹೋದ್ಯೋಗಿಗಳ ಆಕ್ಷೇಪಣೆ ನನಗೆ ಗೊತ್ತು. ಪರೀಕ್ಷೆಯಲ್ಲಿ ಕೇಳುವುದು ಲಕ್ಷಣಗಳ ಪಟ್ಟಿ. ಪ್ರಶಿಕ್ಷಣಾರ್ಥಿಗೆ ಸಿಗುವುದು ಐದಾರು ಅವಧಿ. ಶಾಲೆಯವರು ‘ಪೋರ್ಶನ್ ಮುಗಿಸಿ ಹೋಗಿ ಮಾರಾಯ್ರೆ’ ಎನ್ನುತ್ತಾರೆ. ಇದರಲ್ಲಿ ಮೊದಲನೆಯದು ನಿಜ, ಆದರೆ ಗುಂಪು ಮಾಡಿ ಕಲಿತ ಮಗುವಿಗೆ ಪಟ್ಟಿ ಅಂಟಿಕೊಳ್ಳಲು ಒಂದು ಅವಧಿ ಸಾಕು, ಬರಿಯ ಪಟ್ಟಿ ಕಲಿತ ಮಗುವಿಗೆ ಪುನರಾವರ್ತನೆಗೆ ಮೂರು ಬೇಕು. ನಿಜವಾದ ತೊಡಕು ನಮ್ಮ ವೀಕ್ಷಣಾ ನಮೂನೆಯಲ್ಲಿದೆ. ಬೋಧನೋಪಕರಣ ಎಂಬ ಕಾಲಮಿನಲ್ಲಿ ಅಂದವಾದ ಚಾರ್ಟಿಗೆ ಅಂಕ ಬೀಳುತ್ತದೆ. ಮಕ್ಕಳನ್ನು ಹೊರಗೆ ಕರೆದೊಯ್ದವಳಿಗೆ ‘ತರಗತಿ ನಿರ್ವಹಣೆ’ಯಲ್ಲಿ ಅಂಕ ಹೋಗುತ್ತದೆ, ಯಾಕೆಂದರೆ ಗದ್ದಲವಾಯಿತು. ರಾತ್ರಿ ಕೂತು ಸ್ಕೆಚ್ ಪೆನ್ನಿನಲ್ಲಿ ಅಮೀಬಾ ಬಿಡಿಸುವ ಹುಡುಗಿಯನ್ನು ನಾನು ದೂರುವುದಿಲ್ಲ. ನಾವು ಕೊಡುವ ಅಂಕ ಅಲ್ಲಿದೆ, ಅವಳು ಅದನ್ನು ಹುಡುಕಿ ಹೋಗಿದ್ದಾಳೆ.

ಹಾಗಾಗಿ ನನ್ನ ಸೂಚನೆ ಎರಡು. ವಿಜ್ಞಾನದ ವೀಕ್ಷಣಾ ನಮೂನೆಯಲ್ಲಿ ‘ಸ್ಥಳೀಯ ಮಾದರಿಯನ್ನು ಮಕ್ಕಳೇ ಪರೀಕ್ಷಿಸಿದರೆ?’ ಎಂಬ ಕಾಲಂ ಬರಲಿ, ಅದಕ್ಕೆ ಚಾರ್ಟಿಗಿಂತ ಹೆಚ್ಚು ಅಂಕ ಇರಲಿ. ಇನ್ನೊಂದು, ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ಮತ್ತು ಅವುಗಳ ಬಗೆಗಿನ ತಿಳಿವಳಿಕೆಯ ದಾಖಲೆಯನ್ನು ಜನರ ಜತೆ ಕೂತು ಮಾಡಬೇಕು. ಬೋಧನಾಭ್ಯಾಸದ ಊರಿಗೆ ಹೋದ ಮೊದಲ ವಾರದಲ್ಲೇ ಪ್ರಶಿಕ್ಷಣಾರ್ಥಿಗಳು ಪಂಚಾಯತಿಗೆ ಹೋಗಿ ಆ ದಾಖಲೆಯನ್ನು ನೋಡಲಿ. ತಮ್ಮ ಶಾಲೆಯ ಬಳಿಯ ಪಾಲೆ, ಕಾಸರಕಗಳು ಅದರಲ್ಲಿವೆಯೇ, ತುಳು ಹೆಸರಿನೊಂದಿಗೆ ಇವೆಯೇ ಎಂದು ಹುಡುಕಲಿ. ಇಲ್ಲದಿದ್ದರೆ ಎಲೆ, ಕಾಯಿ, ಜಾಗ, ದಿನಾಂಕ ಬರೆದು, ಮಕ್ಕಳ ಕೈಯಿಂದ ಚಿತ್ರ ಬಿಡಿಸಿ, ಸಮಿತಿಗೆ ಒಪ್ಪಿಸಬಹುದು. ಆಟಿ ಅಮಾವಾಸ್ಯೆಗೆ ಮೊದಲು ಈ ಕೆಲಸ ಆದರೆ ಒಳ್ಳೆಯದು. ಪಾಲೆಯ ಹೂ ಆಗ ಇರುವುದಿಲ್ಲ, ಮಳೆ ಬಿಟ್ಟ ಮೇಲೆ ಬರುತ್ತದೆ; ಎಲೆ ಮಾತ್ರ ಆಗಲೂ ಸಿಗುತ್ತದೆ.